ಬಕೆಟ್ಟಿಲ್ಲದ ಬಚ್ಚಲು

ಮಾಟುಂಗದ ಆ ಲಾಡ್ಜಿಗೆ ನಾನು ಮೊದಲು ಹೋದದ್ದು 1984ರಲ್ಲಿ, ಬ್ಯಾಂಕಿನವರು ಫೋರ್ಟ್ ಶಾಖೆಗೆ ವರ್ಗ ಮಾಡಿದಾಗ. ಮನೆ ಸಿಗುವ ತನಕ ಅಂತ ಹೋದವನು ಏಳು ತಿಂಗಳು ಇದ್ದೆ. ಕೋಣೆಗೆ ಮೂರು ಮಂಚ, ತಿಂಗಳ ಲೆಕ್ಕದ ಬಾಡಿಗೆ, ಗಲ್ಲಾದಲ್ಲಿ ಕುಂದಾಪುರ ಕಡೆಯ ಮಾಲೀಕರು. ತಿಗಣೆ ಧಾರಾಳ. ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬಾರದಲ್ಲ, ಅದಕ್ಕೆ ತಿಗಣೆಯನ್ನು ಮೊದಲೇ ಹೇಳಿದೆ.

ಈಗ ಪುಣೆಯಲ್ಲಿ ಮಗನ ಮನೆಯಲ್ಲಿದ್ದೇನೆ. 2024ರ ಡಿಸೆಂಬರಿನಲ್ಲಿ ಹಳೆಯ ಸಹೋದ್ಯೋಗಿಯ ಮಗಳ ಮದುವೆಗೆ ಹೋದಾಗ ಅಲ್ಲೇ ಎರಡು ರಾತ್ರಿ ಉಳಿದೆ. ಕೈ ಬದಲಾಗಿ, ಹೆಸರು ಬದಲಾಗಿ, ಲಾಡ್ಜು ‘ಹೋಟೆಲ್’ ಆಗಿದೆ. ಲಿಫ್ಟ್ ಬಂದಿದೆ, ನನ್ನ ಮಂಡಿಗೆ ದೊಡ್ಡ ಉಪಕಾರ. ಹಾಸಿಗೆ ಶುಭ್ರ. ಬೆಳಿಗ್ಗೆ ಐದಕ್ಕೇ ಬಿಸಿನೀರು.

ಆದರೆ ನವೀಕರಣ ಮಾಡಿಸಿದವರು ಇಲ್ಲಿ ಒಂದು ರಾತ್ರಿಯಾದರೂ ಮಲಗಿದ್ದಾರೆಯೇ ಅನ್ನುವುದು ನನ್ನ ಸಂಶಯ. ಹಳೆಯ ದೊಡ್ಡ ಕೋಣೆಗೆ ಪ್ಲೈವುಡ್ ಗೋಡೆ ಹಾಕಿ ಎರಡು ಮಾಡಿದ್ದಾರೆ. ಪಕ್ಕದವರ ಫೋನಿನ ಮಾತು ಪೂರ್ತಿ ಕೇಳಿಸುತ್ತದೆ. ಎ.ಸಿ.ಗೋಸ್ಕರ ಕಿಟಕಿ ಮುಚ್ಚಿಹೋಗಿದೆ. ಬಚ್ಚಲಿಗೆ ಗಾಜಿನ ಬಾಗಿಲು, ತಟ್ಟೆಯಷ್ಟು ಅಗಲದ ಶವರ್. ಬಕೆಟ್ಟೂ ಇಲ್ಲ, ಮಗ್ಗೂ ಇಲ್ಲ! ಕೇಳಿದ ಅರ್ಧ ಗಂಟೆಗೆ ಹುಡುಗ ಒಂದು ಖಾಲಿ ಪೇಂಟ್ ಡಬ್ಬ ತಂದಿಟ್ಟ. ಪಂಚೆ ಒಣಹಾಕಲು ಹಗ್ಗವಿಲ್ಲ, ಗೋಡೆಯ ಮೇಲೆ ಮಾತ್ರ ಲಂಡನ್ನಿನ ಗಡಿಯಾರ ಗೋಪುರ.

ಬಾಡಿಗೆ 2,200, ಆಗ ಇದ್ದ ಶೇ. 12 ಜಿಎಸ್‌ಟಿ ಸೇರಿ 2,464. ತೆರಿಗೆಗೆ ನನ್ನ ತಕರಾರಿಲ್ಲ. ‘ಸರ್ವಿಸ್ ಚಾರ್ಜ್’ ಅಂತ ಇನ್ನೊಂದು ಸಾಲು ಸೇರಿಸಿದ್ದರು. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲೇ ಹೇಳಿದೆ ಅಂದೆ. ಮಾತಾಡದೆ ತೆಗೆದರು.

ಎರಡನೆಯ ರಾತ್ರಿ ಹತ್ತರ ಹೊತ್ತಿಗೆ ಕೌಂಟರಿನಲ್ಲಿ ರಾಯಚೂರು ಕಡೆಯ ಹುಡುಗನೊಬ್ಬ ನಿಂತಿದ್ದ. ಬೆಳಿಗ್ಗೆ ಕೆಲಸದ ಸಂದರ್ಶನವಂತೆ. ಹರಕು ಹಿಂದಿಯಲ್ಲಿ ಒಂದು ಮಂಚ ಸಾಕು ಅನ್ನುತ್ತಿದ್ದ. ಮಂಚದ ಲೆಕ್ಕ ಇಲ್ಲಿಲ್ಲ, ಪೂರ್ತಿ ಕೋಣೆ ತೆಗೆದುಕೋ ಅಂದರು. ನಾನು ಕನ್ನಡದಲ್ಲಿ ಮಾತಾಡಿಸಿದೆ. “ನಮ್ಮ ಕಾಕಾ ಹೇಳಿದ್ರಿ ಸರ, ಇಲ್ಲಿ ನಮ್ಮೋರು ಇರ್ತಾರ ಅಂತ.”

ಕಾಕಾ ಹೇಳಿದ್ದು ಸುಳ್ಳಲ್ಲ. 1984ರಲ್ಲಿ ನಾನೂ ಇಂಥದ್ದೇ ಹೊತ್ತಿಗೆ ಬಂದಿದ್ದೆ, ಮಂಚ ಖಾಲಿ ಇರಲಿಲ್ಲ. ಮಾಲೀಕರು ಅಡುಗೆಮನೆ ಪಕ್ಕದ ಓಣಿಯಲ್ಲಿ ಚಾಪೆ ಹಾಕಿಸಿ, “ನಾಳೆ ಕಾಂಬ” ಅಂದಿದ್ದರು. ಮಾಟುಂಗದ ಜಾಗದ ಬೆಲೆಗೆ ಮೂರು ಮಂಚದ ಲೆಕ್ಕ ಇವತ್ತು ಕೂಡಿಬರುವುದಿಲ್ಲ, ಅದನ್ನು ಬ್ಯಾಂಕಿನವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ಇಡೀ ಕಟ್ಟಡದಲ್ಲಿ ಒಂದು ಕೋಣೆ?

ನನ್ನ ಕೋಣೆಯಲ್ಲೇ ಮಲಗಲಿ ಅಂದೆ. ಆಧಾರ್ ನೋಡಿ, ಹೆಚ್ಚುವರಿ ಹಾಸಿಗೆಗೆ 600 ತೆಗೆದುಕೊಂಡರು. ಹುಡುಗ ಐದಕ್ಕೆ ಎದ್ದು, ಅದೇ ಪೇಂಟ್ ಡಬ್ಬದಲ್ಲಿ ನೀರು ಹಿಡಿದು ಸ್ನಾನ ಮಾಡಿ ಹೊರಟ.

ನಾನು ಹೊರಡುವಾಗ ಅಭಿಪ್ರಾಯ ಬರೆಯಲು ಪುಸ್ತಕ ಕೊಟ್ಟರು. ಬಕೆಟ್, ಮಗ್ಗು, ಬಟ್ಟೆ ಹಗ್ಗ, ನಾಲ್ಕು ಮಂಚದ ಒಂದು ಕೋಣೆ ಅಂತ ಕನ್ನಡದಲ್ಲಿ ಬರೆದೆ. ಆಮೇಲೆ ಕೆಳಗೆ ಅದನ್ನೇ ಹಿಂದಿಯಲ್ಲೂ ಬರೆದು ಸಹಿ ಹಾಕಿದೆ.