ನೆತ್ತಿ ತೆರೆದ ಗುಡಿ

ರೋಮ್‌ಗೆ ಹೋದವರು ಮೊದಲು ಓಡುವುದು ಕೊಲೋಸಿಯಂಗೆ. ಆಮೇಲೆ ಟ್ರೆವಿ ಕಾರಂಜಿಗೆ ಬೆನ್ನು ಮಾಡಿ ಹೆಗಲ ಮೇಲಿಂದ ನಾಣ್ಯ ಎಸೆಯಬೇಕು, ಸ್ಪ್ಯಾನಿಷ್ ಮೆಟ್ಟಿಲುಗಳ ಮುಂದೆ ಫೋಟೊ ತೆಗೆಸಿಕೊಳ್ಳಬೇಕು (ಅಲ್ಲಿ ಕೂತರೆ ಈಗ ದಂಡ ಹಾಕುತ್ತಾರೆ). ಎಲ್ಲವೂ ನೋಡತಕ್ಕವೇ, ತಕರಾರಿಲ್ಲ. ಆದರೆ ಈ ಧಾವಂತದಲ್ಲಿ ಪ್ಯಾಂಥಿಯನ್ ಎಂಬ ಪುರಾತನ ಗುಡಿಗೆ ಹೀಗೆ ಹೋಗಿ ಹಾಗೆ ಬರುವವರನ್ನು ಕಂಡರೆ ಅಯ್ಯೋ ಅನಿಸುತ್ತದೆ. ಹಬ್ಬದೂಟಕ್ಕೆ ಕೂತು ಉಪ್ಪಿನಕಾಯಿ ನೆಕ್ಕಿ ಎದ್ದ ಹಾಗೆ.

ಇಕ್ಕಟ್ಟು ಗಲ್ಲಿಗಳ ನಡುವೆ ಅದು ತಟ್ಟನೆ ಎದುರಾಗುತ್ತದೆ. ಮುಖಮಂಟಪದಲ್ಲಿ 16 ಕಂಬ, ಸುಮಾರು 12 ಮೀಟರ್ ಎತ್ತರ, ಒಂದೊಂದೂ ಅಖಂಡ ಶಿಲೆ. ಈಜಿಪ್ಟಿನಲ್ಲಿ ಕಡಿದು ಸಮುದ್ರ ದಾಟಿಸಿ ತಂದ ಗ್ರಾನೈಟ್. ಮೇಲಿನ ದಪ್ಪಕ್ಷರದ ಬರಹ ರೋಮನ್ ದಂಡನಾಯಕ ಅಗ್ರಿಪ್ಪ ಇದನ್ನು ಕಟ್ಟಿಸಿದನೆಂದು ಸಾರುತ್ತದೆ. ನಿಜವಾಗಿ ಅವನ ಗುಡಿ ಸುಟ್ಟುಹೋಗಿತ್ತು. ಈಗಿರುವುದು ಚಕ್ರವರ್ತಿ ಹೇಡ್ರಿಯನ್ ಕಾಲದಲ್ಲಿ, ಕ್ರಿ.ಶ. 125ರ ಸುಮಾರಿಗೆ ಎದ್ದದ್ದು. ಆತ ಹಳೆಯ ಹೆಸರನ್ನೇ ಉಳಿಸಿದ. ನಮ್ಮ ಬಸ್ ತಂಗುದಾಣಗಳ ಮೇಲಿನ ಹೆಸರುಗಳನ್ನು ಓದಿ ಬೆಳೆದವರಿಗೆ ಇದನ್ನು ನಂಬುವುದು ಕಷ್ಟವೇ.

ಒಳಗೆ ಕಾಲಿಟ್ಟರೆ ಕತ್ತು ತಾನಾಗಿ ಮೇಲಕ್ಕೆ ಹೋಗುತ್ತದೆ. ಗುಮ್ಮಟದ ಅಡ್ಡಳತೆ 43 ಮೀಟರ್ ಮೀರುತ್ತದೆ. ನೆಲದಿಂದ ನೆತ್ತಿಗೂ ಅಷ್ಟೇ. ಒಂದು ಮಹಾಗೋಲ ಒಳಗೆ ಸರಿಯಾಗಿ ಕೂರಬೇಕು, ಅಂಥ ಲೆಕ್ಕ. ಕಬ್ಬಿಣದ ಸರಳಿಲ್ಲದ ಬರೀ ಕಾಂಕ್ರೀಟಿನ ಗುಮ್ಮಟಗಳಲ್ಲಿ ಇದಕ್ಕಿಂತ ದೊಡ್ಡದು ಇಂದಿಗೂ ಜಗತ್ತಿನಲ್ಲಿಲ್ಲ. ಗುಟ್ಟು ಕಲಸಿದ ಹದದಲ್ಲಿದೆ: ಬುಡಕ್ಕೆ ಭಾರದ ಕಲ್ಲಿನ ಚೂರು, ಮೇಲೇರಿದಂತೆ ಹಗುರವಾದದ್ದು, ತುದಿಗೆ ಜ್ವಾಲಾಮುಖಿ ಉಗುಳಿದ ತೂತುತೂತು ಕಲ್ಲು. ಬುಡದಲ್ಲಿ 6 ಮೀಟರ್ ದಪ್ಪವಿರುವ ಗೋಡೆ ನೆತ್ತಿಗೆ ಬರುವಾಗ ಒಂದು ಮೀಟರ್ ಚಿಲ್ಲರೆ. ಒಳಮೈಗೆ ಸಾಲಿಗೆ 28ರಂತೆ ಐದು ಸಾಲು ಚೌಕುಳಿ ಗುಳಿಗಳು, ಮೇಲೆ ಹೋದಂತೆ ಕಿರಿದಾಗುತ್ತವೆ. ಅಂದವೂ ಆಯಿತು, ಭಾರವೂ ಇಳಿಯಿತು.

ನಟ್ಟನಡುವೆ ಗಾಜಿಲ್ಲದ, ಮುಚ್ಚಳವಿಲ್ಲದ ದುಂಡು ಕಿಂಡಿ. ನನಗಂತೂ ಇಡೀ ಗುಡಿಯ ದೇವರು ಅದೇ. ಬೆಳಕು ದೊಡ್ಡ ತಟ್ಟೆಯಾಗಿ ಒಳಗೆ ಬೀಳುತ್ತದೆ. ಅದರ ಅಂಚನ್ನೇ ದಿಟ್ಟಿಸುತ್ತಾ ನಿಂತರೆ ಒಂದು ಗುಳಿಯಿಂದ ಪಕ್ಕದ್ದಕ್ಕೆ ಜಾರುವುದು ಕಣ್ಣಿಗೇ ಕಾಣುತ್ತದೆ: ಭೂಮಿ ತಿರುಗುವುದನ್ನು ಕೂತಲ್ಲೇ ನೋಡಬಹುದು! ಚಳಿಗಾಲದಲ್ಲಿ ಈ ತಟ್ಟೆ ಗುಮ್ಮಟದಲ್ಲೇ ತಿರುಗಾಡುತ್ತದೆ, ಬೇಸಿಗೆಯ ನಡುಹಗಲಿಗೆ ನೆಲಕ್ಕಿಳಿಯುತ್ತದೆ. ರೋಮಿನ ಹುಟ್ಟುಹಬ್ಬವೆನ್ನುವ ಏಪ್ರಿಲ್ 21ರ ಸುಮಾರಿಗೆ ಮಧ್ಯಾಹ್ನ ನೇರ ಬಾಗಿಲ ಮೇಲೆ ಬೀಳುತ್ತದೆ.

ಈ ಗುಡಿ 609ರಲ್ಲಿ ಚರ್ಚ್ ಆಯಿತು, ಹಾಗಾಗಿ ಉಳಿಯಿತು. ಆದರೂ 1620ರ ದಶಕದಲ್ಲಿ ಪೋಪ್ ಎಂಟನೇ ಅರ್ಬನ್ ಮುಖಮಂಟಪದ ಕಂಚು ಕೀಳಿಸಿ ಫಿರಂಗಿ ಎರಕಕ್ಕೆ ಕಳಿಸಿದ. ಒಳಗೋಡೆಯೊಂದರಲ್ಲಿ ಚಿತ್ರಕಾರ ರಾಫೆಲ್‌ನ ಸಮಾಧಿಯಿದೆ.

ಮಳೆ ಒಳಗೂ ಸುರಿಯುತ್ತದೆ. ಅದಕ್ಕೆಂದೇ ನೆಲವನ್ನು ನಡುವೆ ತುಸು ಉಬ್ಬಿಸಿ, ಅಮೃತಶಿಲೆಯಲ್ಲಿ ಸಣ್ಣ ತೂತುಗಳನ್ನು ಕೊರೆದಿದ್ದಾರೆ. ಪೆಂಟೆಕೋಸ್ಟ್ ಎಂಬ ಕ್ರೈಸ್ತ ಹಬ್ಬದ ದಿನ ಅದೇ ಕಿಂಡಿಯಿಂದ ಅಗ್ನಿಶಾಮಕ ದಳದವರು ಕೆಂಪು ಗುಲಾಬಿ ಎಸಳು ಸುರಿಸುತ್ತಾರೆ.

2023ರಿಂದ ಪ್ರವಾಸಿಗರಿಗೆ ಟಿಕೆಟ್ ಇದೆ. ರೋಮಿನಲ್ಲಿ ಮಳೆ ಹಿಡಿದರೆ ಹೋಟೆಲ್ ರೂಮಿನಲ್ಲಿ ಬೇಸರಿಸುತ್ತಾ ಕೂರಬೇಡಿ, ಛತ್ರಿ ಹಿಡಿದು ಇಲ್ಲಿಗೇ ಬನ್ನಿ.