ತೆಂಗಿನಕಾಯಿ ಎದ್ದು ನಿಂತಲ್ಲಿ ನೀರು?

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಬಾವಿ ತೋಡುವ ಮೊದಲು ನೀರು ನೋಡುವವರನ್ನು ಕರೆಸುವ ರೂಢಿ ಇನ್ನೂ ಇದೆ. ಅಂಗೈಯಲ್ಲಿ ಮಲಗಿಸಿದ ತೆಂಗಿನಕಾಯಿ ಎದ್ದು ನಿಂತಲ್ಲಿ, ಇಲ್ಲವೇ ಕವಲುಕಡ್ಡಿ ಬಾಗಿದಲ್ಲಿ ಗೂಟ ಬೀಳುತ್ತದೆ. ಮೂಢನಂಬಿಕೆ ಎಂದು ಒಂದೇ ಮಾತಿಗೆ ತಳ್ಳಿಹಾಕುವವರೂ, ‘ನಮ್ಮ ಬಾವಿಗೆ ನೀರು ಬಂತಲ್ಲ’ ಎಂದು ಒಪ್ಪಿಬಿಡುವವರೂ ಪರೀಕ್ಷಿಸುವ ಶ್ರಮದಿಂದ ತಪ್ಪಿಸಿಕೊಳ್ಳುತ್ತಾರೆ.

ಆ ಶ್ರಮವನ್ನು ಜರ್ಮನಿಯ ಮ್ಯೂನಿಕ್‌ನ ವಿಜ್ಞಾನಿಗಳು 1980ರ ದಶಕದ ಕೊನೆಗೆ, ಸರ್ಕಾರದ ಹಣದಲ್ಲೇ ಪಟ್ಟರು. ಎರಡಂತಸ್ತಿನ ಕೊಟ್ಟಿಗೆಯೊಂದರ ಕೆಳ ಅಂತಸ್ತಿನಲ್ಲಿ ನೀರಿನ ಕೊಳವೆಯನ್ನು ಆಗಾಗ ಸರಿಸುತ್ತಿದ್ದರು. ಮೇಲಿನ ಅಂತಸ್ತಿನಲ್ಲಿ ನಡೆದಾಡುತ್ತ ನೀರು ನೋಡುವವರು ಅದರ ಜಾಗ ಹೇಳಬೇಕಿತ್ತು. ಸುಮಾರು 500 ಮಂದಿಯಲ್ಲಿ 43 ಮಂದಿಯನ್ನು ಆರಿಸಿ 843 ಸಲ ಪರೀಕ್ಷಿಸಿದರು. ಇಷ್ಟು ಗಂಭೀರವಾಗಿ ಕೇಳಿದ್ದು ಮೆಚ್ಚತಕ್ಕದ್ದು. ಆದರೆ ಕೆಲವರಿಗೆ ನಿಜವಾಗಿ ನೀರು ಗುರುತಿಸುವ ಶಕ್ತಿಯಿದೆ ಎಂಬ ಅವರ ತೀರ್ಮಾನವನ್ನು ನಾನು ಒಪ್ಪಲಾರೆ. ಫಲಿತಾಂಶ ಬಂದ ಮೇಲೆ ಗೆದ್ದವರನ್ನು ಹೆಕ್ಕಿದರೆ ಯಾವ ಆಟದಲ್ಲೂ ಪ್ರತಿಭಾವಂತರು ಸಿಗುತ್ತಾರೆ. ಅಮೆರಿಕದ ವಿಜ್ಞಾನಿ ಜಿಮ್ ಎನ್‌ರೈಟ್ ಅದೇ ಅಂಕಿಗಳನ್ನು ಮತ್ತೆ ತೂಗಿ, ಒಂದು ಸುತ್ತಿನಲ್ಲಿ ಗೆದ್ದವರು ಇನ್ನೊಂದರಲ್ಲಿ ಅದನ್ನು ಉಳಿಸಿಕೊಳ್ಳಲಿಲ್ಲವೆಂದು ತೋರಿಸಿದರು.

ನಮ್ಮ ಕರಾವಳಿಯಲ್ಲಿ ಕಷ್ಟ ಬೇರೆಯೇ ಇದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ತೂತು ತೂತಾದ ಮುರಕಲ್ಲು ಅದನ್ನು ಕುಡಿಯುತ್ತದೆ, ಅಡಿಯ ಶೇಡಿಮಣ್ಣು ತಡೆದು ನಿಲ್ಲಿಸುತ್ತದೆ. ಗದ್ದೆಬಯಲಲ್ಲಿ ಕಣ್ಣುಮುಚ್ಚಿ ತೋಡಿದರೂ ಬಹುತೇಕ ಒರತೆ ಸಿಗುತ್ತದೆ. ಅಲ್ಲಿ ನೀರು ಬಂದದ್ದು ತೆಂಗಿನಕಾಯಿಗೆ ಸಾಕ್ಷಿಯಾಗಲಾರದು. ನಿಜವಾದ ಸವಾಲು ಇರುವುದು ಬಿರುಕಿನಲ್ಲಷ್ಟೇ ನೀರಿರುವ ಗಟ್ಟಿ ಬಂಡೆಯ ಬೋರ್‌ವೆಲ್‌ನಲ್ಲಿ, ಗಂಗೊಳ್ಳಿಯಂಥ ಅಳಿವೆಯ ದಡದಲ್ಲಿ. ಅಳಿವೆಯ ಹತ್ತಿರ ನೀರಿದೆ ಎಂದರೆ ಏನೂ ಹೇಳಿದಂತಾಗಲಿಲ್ಲ. ಸಿಹಿಯೋ ಉಪ್ಪೋ ಎಂದು ಹೇಳಬೇಕು.

ಕಡ್ಡಿ ಬಾಗುವುದು ಮೋಸವಲ್ಲ. ಹಿಡಿದವರಿಗೇ ತಿಳಿಯದಂತೆ ಸ್ನಾಯು ಮಿಡಿಯುತ್ತದೆ ಎಂದು 19ನೇ ಶತಮಾನದಲ್ಲೇ ವಿವರಿಸಿದ್ದಾರೆ. ಆ ಮಿಡಿತಕ್ಕೆ ಕಾರಣ ನೆಲದ ಇಳಿಜಾರನ್ನು, ಮರಗಿಡಗಳನ್ನು ಬಲ್ಲ ಕಣ್ಣೂ ಇರಬಹುದು. ವರಾಹಮಿಹಿರನ ಬೃಹತ್ಸಂಹಿತೆಯೂ ಹುತ್ತ, ಮರಗಳ ಗುರುತಿನಿಂದಲೇ ನೀರು ಹುಡುಕಲು ಹೇಳುತ್ತದೆ. ಅನುಭವದ ಆ ಪಾಲನ್ನು ನಾನು ಗೌರವಿಸುತ್ತೇನೆ, ಅದನ್ನು ಕಡ್ಡಿಯಿಂದ ಬೇರ್ಪಡಿಸಿ ನೋಡಬೇಕೆಂದು ಬಯಸುತ್ತೇನೆ. ಅದಕ್ಕೆ ದೊಡ್ಡ ಪ್ರಯೋಗಾಲಯ ಬೇಡ. ನೀರು ನೋಡುವವರನ್ನು ಅದೇ ಜಾಗದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ಮತ್ತೊಮ್ಮೆ ನಡೆಸಲಿ. ಎಷ್ಟು ಅಡಿಗೆ ಎಷ್ಟು ನೀರೆಂದು ಕೊರೆಯುವ ಮೊದಲೇ ಬರೆಸಿಕೊಳ್ಳಲಿ. ಪಂಚಾಯಿತಿಯ ಪುಸ್ತಕದಲ್ಲಿ ನೀರು ಬಂದ ಬೋರ್‌ವೆಲ್‌ನ ಪಕ್ಕದಲ್ಲೇ ಒಣಗಿದ್ದರ ಲೆಕ್ಕವೂ, ಅದನ್ನು ತೋರಿಸಿದ್ದು ಯಾವ ವಿಧಾನ ಎಂಬುದೂ ದಾಖಲಾಗಲಿ.