ಮುದ್ದುಪಳನಿಯ ಅಂಕಿತ ಮತ್ತು ಬೆಂಗಳೂರು ನಾಗರತ್ನಮ್ಮನವರು

ತೆಲುಗು ಕವಯಿತ್ರಿಯೊಬ್ಬಳ ವಿಚಾರವನ್ನು ಕನ್ನಡದ ಸಂಚಿಕೆಯಲ್ಲೇಕೆ ಎತ್ತಬೇಕೆಂದು ಕೆಲವರು ಕೇಳಬಹುದು. ಹಿಂದೂಪುರ, ಕಲ್ಯಾಣದುರ್ಗಗಳ ಕಡೆ ಪಾಠ ಹೇಳುವ ನಮಗೆ ಈ ಪ್ರಶ್ನೆ ಅಷ್ಟಾಗಿ ಬಾಧಿಸದು. ಮನೆಯಲ್ಲೊಂದು ನುಡಿ, ಸಂತೆಯಲ್ಲೊಂದು ನುಡಿ ನಮಗೆ ರೂಢಿ. ಮೇಲಾಗಿ ಮುದ್ದುಪಳನಿಯನ್ನು ಮರೆವಿನಿಂದ ಎತ್ತಿದವರು ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿ, ಮೈಸೂರಿನಲ್ಲಿ ವಿದ್ಯೆ ಕಲಿತ ಬೆಂಗಳೂರು ನಾಗರತ್ನಮ್ಮನವರು.

ಮುದ್ದುಪಳನಿ ತಂಜಾವೂರಿನ ಮರಾಠ ಅರಸು ಪ್ರತಾಪಸಿಂಹನ (1739–63) ಆಸ್ಥಾನದವಳು. ಅವಳ ‘ರಾಧಿಕಾ ಸಾಂತ್ವನಮು’ ನಾಲ್ಕು ಆಶ್ವಾಸಗಳ, 584 ಪದ್ಯಗಳ ಶೃಂಗಾರಕಾವ್ಯ. ರಾಧೆ ತಾನೇ ಸಾಕಿ ಬೆಳೆಸಿದ ಇಳೆಯನ್ನು ಕೃಷ್ಣನಿಗೆ ಧಾರೆಯೆರೆಸುತ್ತಾಳೆ. ಇಬ್ಬರಿಗೂ ಬುದ್ಧಿಮಾತು ಹೇಳುತ್ತಾಳೆ. ಆಮೇಲೆ ತಾನೇ ಬೇಯುತ್ತಾಳೆ. ಕಡೆಗೆ ಕೃಷ್ಣನು ಅವಳನ್ನು ಸಂತೈಸಬೇಕಾಗುತ್ತದೆ. ವರ್ಣನೆಗಳಲ್ಲಿ ಹಲವು ಆ ಕಾಲದ ವಾಡಿಕೆಯ ಸರಕೇ ಎಂದು ಒಪ್ಪಬೇಕು. ಆದರೆ ಕೈಯಾರೆ ಕೊಟ್ಟು ಮನಸಾರೆ ಬಿಡಲಾರದ ಹೆಣ್ಣಿನ ಇಬ್ಬಂದಿಯನ್ನು ಹೇಳುವಲ್ಲಿ ಕಾವ್ಯಕ್ಕೆ ಸ್ವಂತ ಉಸಿರಿದೆ. ಬಯಕೆಯನ್ನು ಹೆಣ್ಣೇ ಮುಂದಾಗಿ ಹೇಳಿಕೊಳ್ಳುವುದು ವಾಡಿಕೆಯ ಸರಕಲ್ಲ.

ಬ್ರೌನ್ ದೊರೆಯ ಒಡನಾಡಿ ಪೈಡಿಪಾಟಿ ವೆಂಕಟನರಸು ಎಂಬವರು ಇದನ್ನು 1887ರಲ್ಲಿ ಅಚ್ಚುಹಾಕಿಸಿದರು. ಆದರೆ ಪೀಠಿಕೆಯನ್ನು ಬಿಟ್ಟರು, ಕೆಲವು ಪದ್ಯಗಳನ್ನೂ ಬಿಟ್ಟರು. ಆ ಪೀಠಿಕೆಯಲ್ಲೇ ಮುದ್ದುಪಳನಿ ತನ್ನ ಅಜ್ಜಿ ತಂಜನಾಯಕಿಯಿಂದ ಬಂದ ಮನೆತನವನ್ನು ಹೇಳಿಕೊಂಡಿರುವುದು. ತನಗೆ ಸಂದ ವಿದ್ವನ್ಮರ್ಯಾದೆಗಳನ್ನು ಸಂಕೋಚವಿಲ್ಲದೆ ಎಣಿಸಿರುವುದು. ಪದ್ಯಗಳು ಬಿಟ್ಟುಹೋದದ್ದಕ್ಕಿಂತ ಇದನ್ನೇ ನಾವು ದೊಡ್ಡ ನಷ್ಟವೆಂದು ಭಾವಿಸುತ್ತೇವೆ.

ಹಾಲೆಂಡಿನ ಚಿತ್ರಕಾರ್ತಿ ಜೂಡಿತ್ ಲೇಸ್ಟರಳ (1609–60) ಪಾಡೂ ಇಂಥದ್ದೇ. ಅವಳ ಪಟವನ್ನು ಫ್ರಾನ್ಸ್ ಹಾಲ್ಸನದೆಂದು ಮಾರುತ್ತಿದ್ದರು. 1893ರಲ್ಲಿ ಹಾಫ್‌ಸ್ಟೀಡ್ ದ ಗ್ರೂಟ್ ಎಂಬ ವಿದ್ವಾಂಸರು ಪಟದ ಮೇಲಿದ್ದ ಅಕ್ಷರವನ್ನೂ ನಕ್ಷತ್ರದ ಗುರುತನ್ನೂ ಓದಿದ ಮೇಲೆ ಅವಳು ತನ್ನ ಹೆಸರಿಗೆ ಮರಳಿದಳು. ಅಲ್ಲಿ ಅಂಕಿತವನ್ನು ಯಾರೂ ನೋಡಲಿಲ್ಲ, ಇಲ್ಲಿ ಅಂಕಿತವನ್ನೇ ಕಿತ್ತರು.

ವಿಮರ್ಶಕರ ಮಾತೂ ಇದಕ್ಕೆ ಕೂಡಿತು. ಕಂದುಕೂರಿ ವೀರೇಶಲಿಂಗಂ ಪಂತುಲುರವರು ಅವಳ ಪಾಂಡಿತ್ಯವನ್ನು ಒಪ್ಪಿ, ಕಾವ್ಯದ ಭಾಗಗಳು ಹೆಂಗಸರು ಕೇಳಲೂ ತಕ್ಕವಲ್ಲವೆಂದರು. ವಿಧವಾ ವಿವಾಹಕ್ಕಾಗಿ ಹೋರಾಡಿದ ಆ ಮಹನೀಯರಿಂದ ಈ ತೀರ್ಪು ಬಂದದ್ದು ವಿಚಾರಣೀಯ. ನಾಗರತ್ನಮ್ಮನವರು ಮುದ್ರಿತ ಪ್ರತಿಯನ್ನು ಹಸ್ತಪ್ರತಿಯೊಡನೆ ತಾಳೆನೋಡಿ, ಬಿಟ್ಟದ್ದನ್ನು ಸೇರಿಸಿ, 1910ರಲ್ಲಿ ವಾವಿಳ್ಳ ಸಂಸ್ಥೆಯ ಮೂಲಕ ಪರಿಷ್ಕೃತ ಮುದ್ರಣ ಹೊರತಂದರು. ನಾಚಿಕೆ ಹೆಂಗಸರಿಗೆ ಮಾತ್ರ ಮೀಸಲೇ, ಗಂಡಸರು ಬರೆದ ಇದಕ್ಕೂ ಮಿಗಿಲಾದ ಶೃಂಗಾರಕ್ಕೆ ಏಕೆ ಮನ್ನಣೆ ಎಂದು ಮುನ್ನುಡಿಯಲ್ಲಿ ಕೇಳಿದರು. ಪಂತುಲುರವರಿಗೆ ಉತ್ತರ ಕೊಟ್ಟ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ. ಪಾಠ ಪರಿಷ್ಕರಣದ ಶ್ರಮವನ್ನು ಹೊಗಳುವವರು ಕಡಿಮೆ. ಉಪಾಧ್ಯಾಯರಾದ ನಮಗೆ ಎರಡನೆಯದೇ ಹೆಚ್ಚಿನದು.

1911ರಲ್ಲಿ ಮದ್ರಾಸು ಸರ್ಕಾರ ಪುಸ್ತಕವನ್ನು ಅಶ್ಲೀಲವೆಂದು ವಶಪಡಿಸಿಕೊಂಡಿತು. ಟಂಗುಟೂರಿ ಪ್ರಕಾಶಂ ಪಂತುಲುರವರು ಪ್ರಾಂತದ ಪ್ರಧಾನಿಗಳಾಗಿದ್ದ 1946–47ರ ಅವಧಿಯಲ್ಲಿ ನಿಷೇಧ ತೆಗೆಯಿತು. ವಾವಿಳ್ಳದವರು 1952ರಲ್ಲಿ ಪುನರ್ಮುದ್ರಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ನಾಗರತ್ನಮ್ಮನವರು ತಿರುವಯ್ಯಾರಿನಲ್ಲಿ ತೀರಿಕೊಂಡರು.

ನಮ್ಮ ಸಂಚಿ ಹೊನ್ನಮ್ಮನನ್ನು ಇಲ್ಲಿ ನೆನೆಯಬೇಕು. ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿದಿದ್ದ ಆಕೆಯ ‘ಹದಿಬದೆಯ ಧರ್ಮ’ ಪಠ್ಯಪುಸ್ತಕಗಳಿಗೆ ಸುಲಭವಾಗಿ ಸೇರಿತು. ಅದು ಯೋಗ್ಯವೇ ಸರಿ. ಆದರೆ ಇಬ್ಬರೂ ಅರಮನೆಯ ಆಶ್ರಿತರು, ಇಬ್ಬರೂ ಬಹುಶ್ರುತರು. ಒಬ್ಬಳು ಪತಿವ್ರತೆಯ ನಡತೆಯನ್ನು ಹೇಳಿದಳೆಂದು ತರಗತಿಗೂ, ಇನ್ನೊಬ್ಬಳು ಬಯಕೆಯನ್ನು ಹೇಳಿದಳೆಂದು ಪೊಲೀಸರ ಕೈಗೂ ಹೋದರೆ, ನಾವು ಅಳೆದದ್ದು ಕಾವ್ಯವನ್ನೋ ವಿಷಯವನ್ನೋ? ಹೊನ್ನಮ್ಮನಿಗೂ ಇದರಿಂದ ಪೂರ್ಣ ನ್ಯಾಯ ಸಂದಿಲ್ಲ. ಆಕೆಯ ಸಾಂಗತ್ಯದ ನಡೆಯನ್ನು ಬಿಟ್ಟು ನೀತಿಯನ್ನಷ್ಟೇ ಒಪ್ಪಿಸುವ ಅಭ್ಯಾಸ ನಮ್ಮಲ್ಲಿದೆ.

ನಾಗರತ್ನಮ್ಮನವರನ್ನು ತ್ಯಾಗರಾಜರ ಸಮಾಧಿ ಕಟ್ಟಿಸಿದ ಗಾಯಕಿಯೆಂದು ನಮ್ಮವರು ಬಲ್ಲರು. ಗ್ರಂಥ ಸಂಪಾದಕಿಯೆಂದು ಬಲ್ಲವರು ವಿರಳ. ಮುದ್ದುಪಳನಿಯ ಪೀಠಿಕೆಯನ್ನೂ ಇವರ ಮುನ್ನುಡಿಯನ್ನೂ ಒಟ್ಟಿಗೆ ಕನ್ನಡಿಸಲು ಎರಡು ನುಡಿಯ ಈ ಸೀಮೆಯ ಉಪಾಧ್ಯಾಯರಿಗಿಂತ ತಕ್ಕವರು ಬೇರೆ ಬೇಕಿಲ್ಲ. ಮಡಕಶಿರದವರೋ ರಾಯದುರ್ಗದವರೋ ಕೈಹಾಕುವುದಾದರೆ, ಪೀಠಿಕೆಯಿಂದಲೇ ಮೊದಲಿಡಬೇಕೆಂಬುದು ನಮ್ಮ ಸಲಹೆ.